ಮೊದಲು ಪಾಸ್‌ಪೋರ್ಟ್ ಠಸ್ಸೆ, ಆಮೇಲೆ ತೆರಿಗೆ ಮಾತು

ಹೋದ ಸಂಚಿಕೆಯಲ್ಲಿ ಹೊರದೇಶಕ್ಕೆ ಕೆಲಸಕ್ಕೆ ಹೋಗಿ ಬರುವವರ ತೆರಿಗೆ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಜಮಖಂಡಿ, ಖಾನಾಪುರ, ತಿಕೋಟಾ, ಇಳಕಲ್, ಚಿಕ್ಕೋಡಿ, ನಮ್ಮ ಬೆಳಗಾವಿಯ ಉದ್ಯಮಬಾಗ್ ಕೂಡ. ಹೆಚ್ಚಿನವರು ಕೇಳಿದ್ದು ಒಂದೇ: ದುಡಿದದ್ದು ಅಲ್ಲಿ, ಇಲ್ಲಿಯ ಆದಾಯ ತೆರಿಗೆ ಇಲಾಖೆಗೆ ಏನು ಸಂಬಂಧ? ಸಂಬಂಧ ಇದೆಯೋ ಇಲ್ಲವೋ ಅಂತ ಹೇಳಬೇಕಾದರೆ ನನಗೆ ಮೊದಲು ಬೇಕಾದದ್ದು ಪಾಸ್‌ಪೋರ್ಟಿನ ಠಸ್ಸೆ. ಹೋದ ತಾರೀಖು, ಬಂದ ತಾರೀಖು. ಅದನ್ನು ಬರೆಯದೆ ಪ್ರಶ್ನೆ ಕಳಿಸಿದವರಿಗೆ ಈ ಸಲ ಉತ್ತರ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. 2026ರ ಏಪ್ರಿಲ್ 1ರಿಂದ 1961ರ ಹಳೆಯ ಕಾಯ್ದೆ ಹೋಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್ ನಂಬರು, ಫಾರ್ಮ್ ನಂಬರು ಬದಲಾಗಿವೆ. ಆದರೆ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಹಳೆಯ ಕಾಯ್ದೆಯೇ ನಡೆಯುತ್ತದೆ. ದಿನ ಎಣಿಸುವ ಮುಖ್ಯ ನಿಯಮ ಹೊಸದರಲ್ಲೂ ಹೆಚ್ಚುಕಡಿಮೆ ಅದೇ.

ಪ್ರಶ್ನೆ: ನಾನು ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್ (ಪಾಕ ಕುದಿಸುವವ). ಇಲ್ಲಿ ಹಂಗಾಮು ಮುಗಿದ ಮೇಲೆ ಆರು ತಿಂಗಳ ಕಾಂಟ್ರಾಕ್ಟ್ ಮೇಲೆ ಕೆನ್ಯಾದ ಸಕ್ಕರೆ ಮಿಲ್ಲಿಗೆ ಹೋಗಿದ್ದೆ. 2025ರ ಏಪ್ರಿಲ್ 5ಕ್ಕೆ ಹೊರಟೆ, ಅಕ್ಟೋಬರ್ 3ಕ್ಕೆ ಬಂದೆ. ಅಲ್ಲಿ ಸುಮಾರು 7.2 ಲಕ್ಷ ರೂಪಾಯಿಯಷ್ಟು ಸಂಬಳ ಆಯಿತು, ಅಲ್ಲೇ ತೆರಿಗೆ ಕಟ್ ಮಾಡಿದರು. ಇಲ್ಲಿ ಹಂಗಾಮಿನಲ್ಲಿ 4.5 ಲಕ್ಷ. "ಆರು ತಿಂಗಳು ಹೊರಗಿದ್ದರೆ ಎನ್‌ಆರ್‌ಐ, ಏನೂ ತೋರಿಸಬೇಕಾಗಿಲ್ಲ" ಅಂತ ಜೊತೆಗೆ ಬಂದವರು ಹೇಳುತ್ತಾರೆ. ಹೌದೇನು ಸರ್? — ಜಮಖಂಡಿ ಓದುಗರು

ಉತ್ತರ: ಹಂಗಾಮು ಮುಗಿದ ಮೇಲೆ ಆಫ್ರಿಕಾ ದಾರಿ ಹಿಡಿಯುವುದು ನಮ್ಮ ಕಡೆಯ ಸಕ್ಕರೆ ಕಸುಬಿನವರಿಗೆ ಹೊಸದಲ್ಲ. ಆದರೆ ಈ "ಆರು ತಿಂಗಳು" ಅನ್ನುವ ಮಾತು ಎಷ್ಟು ಜನರನ್ನು ಸಿಕ್ಕಿಹಾಕಿಸಿದೆ ಅಂತ ಲೆಕ್ಕ ಇಲ್ಲ. ಕಾನೂನು ತಿಂಗಳು ಎಣಿಸುವುದಿಲ್ಲ, ದಿನ ಎಣಿಸುತ್ತದೆ. ಅದೂ ನೀವು ಹೊರಗಿದ್ದ ದಿನ ಅಲ್ಲ, ಭಾರತದಲ್ಲಿ ಇದ್ದ ದಿನ. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಇಲ್ಲಿದ್ದರೆ ನೀವು ನಿವಾಸಿ. (ಇನ್ನೊಂದು 60 ದಿನದ ನಿಯಮವೂ ಇದೆ. ಆದರೆ ಭಾರತೀಯ ಪ್ರಜೆ ಕೆಲಸಕ್ಕಾಗಿ ಹೊರಟ ವರ್ಷಕ್ಕೆ ಆ 60ರ ಜಾಗದಲ್ಲೂ 182 ಅಂತಲೇ ಓದಬೇಕು.)

ಈಗ ಎಣಿಸೋಣ. ಏಪ್ರಿಲ್ 1ರಿಂದ 5, ಐದು ದಿನ. ಹೊರಟ ದಿನ, ಬಂದ ದಿನ ಎರಡನ್ನೂ ಇಲ್ಲಿಯ ದಿನ ಅಂತಲೇ ಹಿಡಿಯುವುದು ಕ್ಷೇಮ. ಅಕ್ಟೋಬರ್ 3ರಿಂದ 31ಕ್ಕೆ 29. ನವೆಂಬರ್ 30, ಡಿಸೆಂಬರ್ 31, ಜನವರಿ 31, ಫೆಬ್ರವರಿ 28, ಮಾರ್ಚ್ 31. ಎಲ್ಲ ಕೂಡಿದರೆ 185. ಅಂದರೆ ನೀವು ನಿವಾಸಿ. ಅಕ್ಟೋಬರ್ 3ರ ಬದಲು 7ಕ್ಕೆ ವಿಮಾನ ಹತ್ತಿ ಇಳಿದಿದ್ದರೆ 181 ಆಗಿ ಅನಿವಾಸಿ ಆಗಿರುತ್ತಿದ್ದಿರಿ. ನಾಲ್ಕೇ ದಿನ! ನಿಮ್ಮ ಜೊತೆಗಿದ್ದವರು ಒಂದು ವಾರ ಮುಂಚೆ ಹೋಗಿದ್ದರೆ ಅಥವಾ ಒಂದು ವಾರ ತಡವಾಗಿ ಬಂದಿದ್ದರೆ ಅವರು ಹೇಳಿದ್ದು ಅವರ ಮಟ್ಟಿಗೆ ಸರಿಯೇ ಇರಬಹುದು. ನಿಮಗೆ ಅದು ನಡೆಯುವುದಿಲ್ಲ.

ನಿವಾಸಿ ಅಂದ ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದದ್ದಾದರೂ ಇಲ್ಲಿಯ ರಿಟರ್ನ್‌ನಲ್ಲಿ ಬರಬೇಕು. ಆದರೆ ಗಾಬರಿ ಬೇಡ, ಮುಂದೆ ಓದಿ. 4.5 ಮತ್ತು 7.2 ಸೇರಿ 11.7 ಲಕ್ಷ. ತೆರಿಗೆ ಲೆಕ್ಕದ ಹೊಸ ಪದ್ಧತಿಯಲ್ಲಿ (ನ್ಯೂ ರೆಜೀಮ್, ಮೇಲೆ ಹೇಳಿದ ಹೊಸ ಕಾಯ್ದೆ ಅಲ್ಲ) ಸಂಬಳದಾರರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10.95 ಲಕ್ಷ. 2025-26ಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ, ತೆರಿಗೆ ಸೊನ್ನೆ. ಈ ರಿಬೇಟ್ ಸಿಗುವುದು ನಿವಾಸಿಗಳಿಗೆ ಮಾತ್ರ, ಅನಿವಾಸಿಗಳಿಗೆ ಇಲ್ಲ. ಹಾಗಾಗಿ ಆ ನಾಲ್ಕು ದಿನ ತಪ್ಪಿದ್ದಕ್ಕೆ ನಿಮ್ಮ ಜೇಬಿಗೆ ಏನೂ ಪೆಟ್ಟು ಬೀಳಲಿಲ್ಲ. ಅನಿವಾಸಿ ಆಗಲೇಬೇಕು ಅಂತ ಅಲ್ಲೇ ಒಂದು ವಾರ ರೂಮ್ ಬಾಡಿಗೆ ಕಟ್ಟಿಕೊಂಡು ಕೂತವರನ್ನು ನೋಡಿದ್ದೇನೆ, ಅವರ ಆದಾಯಕ್ಕೆ ಅದರ ಅವಶ್ಯಕತೆಯೇ ಇರಲಿಲ್ಲ.

ತೆರಿಗೆ ಇಲ್ಲ ಅಂದರೆ ತೋರಿಸುವುದು ಬೇಡ ಅಂತಲ್ಲ, ಇಲ್ಲೇ ಎಲ್ಲರೂ ಎಡವುವುದು. ನಿಮಗೆ ಕೆನ್ಯಾದಲ್ಲಿ ಸಂಬಳದ ಬ್ಯಾಂಕ್ ಖಾತೆ ಇತ್ತಲ್ವಾ? ಇಲ್ಲಿ ನಿವಾಸಿಯಾಗಿದ್ದು ಹೊರದೇಶದಲ್ಲಿ ಖಾತೆ ಇದ್ದವರು ರಿಟರ್ನ್‌ನ ಐಟಿಆರ್-1 ಫಾರ್ಮ್ ಹಾಕುವಂತಿಲ್ಲ, ಐಟಿಆರ್-2 ಹಾಕಬೇಕು. ಅದರಲ್ಲಿ ಶೆಡ್ಯೂಲ್ ಎಫ್‌ಎ ಅಂತ ಒಂದು ಪುಟ ಇದೆ. ಆ ಪುಟಕ್ಕೆ ನಮ್ಮ ಏಪ್ರಿಲ್-ಮಾರ್ಚ್ ಲೆಕ್ಕ ಇಲ್ಲ, 2025ರ ಜನವರಿಯಿಂದ ಡಿಸೆಂಬರ್ 31ರ ಲೆಕ್ಕ. ಖಾತೆ ನಂಬರು, ತೆರೆದ ತಾರೀಖು, ವರ್ಷದಲ್ಲಿ ಅತಿ ಹೆಚ್ಚು ಎಷ್ಟು ಹಣ ಇತ್ತು, ಡಿಸೆಂಬರ್ ಕೊನೆಗೆ ಎಷ್ಟು ಇತ್ತು ಎಂದು ಬರೆಯಬೇಕು. ಬರೆಯದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡದ ಮಾತಿದೆ. 2024ರ ಅಕ್ಟೋಬರ್ 1ರಿಂದ, ಮನೆ-ಜಮೀನು ಬಿಟ್ಟು ಉಳಿದ ಹೊರದೇಶದ ಆಸ್ತಿ ಎಲ್ಲ ಸೇರಿ 20 ಲಕ್ಷ ದಾಟದಿದ್ದರೆ ಆ ದಂಡ ಇಲ್ಲ ಅಂತ ಸಡಿಲ ಮಾಡಿದ್ದಾರೆ. ದಂಡ ಸಡಿಲವಾಗಿದೆ, ಬರೆಯುವ ಕೆಲಸ ಸಡಿಲವಾಗಿಲ್ಲ. ಜುಲೈ 31ರೊಳಗೆ ಮುಗಿಸಿ.

ಇನ್ನು ಅಲ್ಲಿ ಕಟ್ಟಾದ ತೆರಿಗೆ. ಕೆನ್ಯಾದಲ್ಲಿ ಸಂಬಳದ ಮೇಲಿನ ತೆರಿಗೆಯನ್ನು ಮಾಲೀಕರೇ ಪ್ರತಿ ತಿಂಗಳು ಹಿಡಿಯುತ್ತಾರೆ, ಅದಕ್ಕೆ ಪೇ (PAYE) ಅನ್ನುತ್ತಾರೆ. 2025ರಲ್ಲಿ ತಿಂಗಳ ಮೊದಲ 24,000 ಶಿಲಿಂಗ್‌ಗೆ 10%, ಆಮೇಲಿನ 8,333ಕ್ಕೆ 25%, 32,333 ದಾಟಿ 5 ಲಕ್ಷದವರೆಗಿನದಕ್ಕೆ 30%. ಅಲ್ಲಿಯ ನಿವಾಸಿಗಳಿಗೆ ತಿಂಗಳಿಗೆ 2,400 ಶಿಲಿಂಗ್ ರಿಯಾಯಿತಿ ಸಿಗುತ್ತದೆ, ಅನಿವಾಸಿಗಳಿಗೆ ಇಲ್ಲ. ನೀವು ಅಲ್ಲಿದ್ದದ್ದು 183 ದಿನಕ್ಕಿಂತ ಕಡಿಮೆ, ಮೊದಲ ಸಲ ಬೇರೆ, ಹಾಗಾಗಿ ಅಲ್ಲಿಯ ಲೆಕ್ಕಕ್ಕೆ ಅನಿವಾಸಿ. ಪೇಸ್ಲಿಪ್ ತೆಗೆದು ನೋಡಿ: ಪೇ ಬಿಟ್ಟು ಮನೆ ಯೋಜನೆಗೆ ಅಂತ 1.5%, ಆರೋಗ್ಯ ನಿಧಿಗೆ ಅಂತ 2.75% ಕೂಡ ಹೋಗಿರುತ್ತದೆ. ಕಟ್ಟಾದದ್ದೆಲ್ಲ ಆದಾಯ ತೆರಿಗೆ ಅಲ್ಲ ಅನ್ನುವುದು ನೆನಪಿರಲಿ.

"183 ದಿನಕ್ಕಿಂತ ಕಡಿಮೆ ಇದ್ದರೆ ಅಲ್ಲಿ ತೆರಿಗೆಯೇ ಹಿಡಿಯಬಾರದಂತೆ, ಎರಡು ದೇಶದ ಒಪ್ಪಂದ ಇದೆಯಂತೆ" ಅಂತಲೂ ಬರೆದಿದ್ದೀರಿ. ಒಪ್ಪಂದ ಇದೆ, ನಿಜ. ಆದರೆ ಆ ವಿನಾಯಿತಿಗೆ ಮೂರು ಷರತ್ತು ಒಟ್ಟಿಗೆ ಬೇಕು. ದಿನ 183 ಮೀರಬಾರದು, ಸಂಬಳ ಕೊಡುವವರು ಆ ದೇಶದವರಾಗಿರಬಾರದು, ಆ ದೇಶದಲ್ಲಿರುವ ಅವರ ಶಾಖೆಯ ಖರ್ಚಿಗೂ ಆ ಸಂಬಳ ಬೀಳಬಾರದು. ನಿಮಗೆ ಸಂಬಳ ಕೊಟ್ಟಿದ್ದೇ ಕೆನ್ಯಾದ ಮಿಲ್. ಎರಡನೇ ಷರತ್ತಿಗೇ ಮಾತು ಮುಗಿಯಿತು. ಅವರು ಹಿಡಿದದ್ದು ಸರಿ.

ಹಾಗಾದರೆ ಆ ದುಡ್ಡು ಇಲ್ಲಿ ವಾಪಸ್ ಸಿಗುತ್ತದೆಯೇ? ಇಲ್ಲ. ಹೊರದೇಶದಲ್ಲಿ ಕಟ್ಟಿದ್ದನ್ನು ಇಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದಕ್ಕೆ ಫಾರ್ಮ್ 67 ಇದೆ. ಇಲ್ಲಿ ನಿಮ್ಮ ತೆರಿಗೆಯೇ ಸೊನ್ನೆ ಅಂದ ಮೇಲೆ ಕಳೆಯುವುದು ಯಾವುದರಿಂದ? ಮುಂದಿನ ವರ್ಷ ಎರಡೂ ಕಡೆ ಸೇರಿ 12.75 ಲಕ್ಷ ದಾಟಿದರೆ ಆಗ ಅದು ಕೆಲಸಕ್ಕೆ ಬರುತ್ತದೆ. ಮಿಲ್ಲಿನಿಂದ ಪಿ9 ಅನ್ನುವ ವರ್ಷದ ಕಾರ್ಡ್ ಕೇಳಿ ತರಿಸಿ ಇಟ್ಟುಕೊಳ್ಳಿ, ಸಂಬಳ ಎಷ್ಟು, ತೆರಿಗೆ ಎಷ್ಟು ಅಂತ ತಿಂಗಳುವಾರು ಅದರಲ್ಲಿರುತ್ತದೆ. ಮುಂದಿನ ಸಲ ಅನಿವಾಸಿ ಆಗುವುದಾದರೆ ಇನ್ನೊಂದು ಎಚ್ಚರಿಕೆ: ಸಂಬಳ ಮೊದಲು ಅಲ್ಲಿಯ ಖಾತೆಗೆ ಬೀಳಲಿ, ಆಮೇಲೆ ನೀವು ಊರಿಗೆ ಕಳಿಸಿ. ನೇರವಾಗಿ ಜಮಖಂಡಿಯ ಖಾತೆಗೇ ಹಾಕಿಸಿಕೊಂಡರೆ "ಭಾರತದಲ್ಲಿ ಕೈಸೇರಿದ ಆದಾಯ" ಅಂತ ಅನಿವಾಸಿಗೂ ತೆರಿಗೆ ಬೀಳುವ ವಾದಕ್ಕೆ ದಾರಿ ಆಗುತ್ತದೆ.

ಪ್ರಶ್ನೆ: ನಾನು ನರ್ಸ್. ಜರ್ಮನ್ ಬಿ2 ಪಾಸಾಗಿ ಸ್ಟುಟ್‌ಗಾರ್ಟ್‌ನ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಸಿಕ್ಕಿದೆ, ತಿಂಗಳಿಗೆ 2,900 ಯೂರೋ. ಸೆಪ್ಟೆಂಬರ್ 26ಕ್ಕೆ ಟಿಕೆಟ್ ಇದೆ. ಅವ್ವ "ದಸರಾ ರಜೆಗೆ ತಂಗಿ ಬರತಾಳ, ಆಮ್ಯಾಲೆ ಹೋಗು" ಅನ್ನುತ್ತಾಳೆ. ತೆರಿಗೆಗೂ ಇದಕ್ಕೂ ಏನಾದರೂ ಸಂಬಂಧ ಇದೆಯೇ? ಇಲ್ಲಿ ಈ ವರ್ಷ ಸುಮಾರು 1.5 ಲಕ್ಷ ಸಂಬಳ ಆಗುತ್ತದೆ. ನಾವು ಕ್ರೈಸ್ತರು, ಅದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ ಅಲ್ಲಿ ಚರ್ಚ್ ತೆರಿಗೆ ಅಂತ ಇದೆ ಎಂದು ಕೇಳಿದೆ, ನಂಬಲಾಗುತ್ತಿಲ್ಲ. — ಖಾನಾಪುರ ಓದುಗರು

ಉತ್ತರ: ಅವ್ವನ ಮಾತಿಗೂ ಆದಾಯ ತೆರಿಗೆಗೂ ಈ ಸಲ ನೇರ ಸಂಬಂಧ ಇದೆ ತಂಗಿ. ಏಪ್ರಿಲ್ 1ರಿಂದ ಎಣಿಸುತ್ತ ಬನ್ನಿ. ಸೆಪ್ಟೆಂಬರ್ 26ಕ್ಕೆ 179 ದಿನ. 28ಕ್ಕೆ 181. 29ಕ್ಕೆ 182, ಅಲ್ಲಿಗೆ ಗೆರೆ ದಾಟಿದಂತೆ. ಕೆಲಸಕ್ಕಾಗಿ ಮೊದಲ ಸಲ ಹೊರಡುವವರೆಲ್ಲ ಸೆಪ್ಟೆಂಬರ್ 28 ಅನ್ನುವ ತಾರೀಖನ್ನು ಕ್ಯಾಲೆಂಡರ್ ಮೇಲೆ ಗುಂಡು ಸುತ್ತಿಟ್ಟುಕೊಳ್ಳಿ. ಅಷ್ಟರೊಳಗೆ ಹೊರಟು, ಮಾರ್ಚ್‌ವರೆಗೆ ವಾಪಸ್ ಬರದಿದ್ದರೆ ಆ ವರ್ಷಕ್ಕೆ ನೀವು ಅನಿವಾಸಿ, ಜರ್ಮನಿಯ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಕ್ರಿಸ್ಮಸ್‌ಗೆ ಹತ್ತು ದಿನ ಊರಿಗೆ ಬಂದಿರಿ ಅನ್ನಿ, 179ಕ್ಕೆ ಅದು ಕೂಡಿ ಮತ್ತೆ ನಿವಾಸಿ! ಇದು ಬಹಳ ಜನರ ಲೆಕ್ಕ ಕೆಡಿಸುತ್ತದೆ.

ದಸರಾ ರಜೆ ಮುಗಿಸಿಕೊಂಡೇ ಹೋಗುತ್ತೀರಿ ಅಂದುಕೊಳ್ಳಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ತಿಂಗಳು, 14,500 ಯೂರೋ. ಲೆಕ್ಕ ಸುಲಭವಾಗಲಿ ಅಂತ ಯೂರೋಗೆ 100 ರೂಪಾಯಿ ಹಿಡಿಯೋಣ (ನಿಜವಾಗಿ ಹಿಡಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ಟಿಟಿ ಬೈಯಿಂಗ್ ದರ, ಸಂಬಳ ಬರಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ್ದು). 14.5 ಲಕ್ಷ ಆಯಿತು. ಇಲ್ಲಿಯ 1.5 ಸೇರಿ 16 ಲಕ್ಷ, 75,000 ಕಳೆದು 15.25 ಲಕ್ಷ. ಹೊಸ ಪದ್ಧತಿಯಲ್ಲಿ 1,08,750, ಸೆಸ್ ಸೇರಿ 1,13,100 ರೂಪಾಯಿ ತೆರಿಗೆ. ಕೈಗೆ ಬಂದ ನಿವ್ವಳ ಸಂಬಳ ಅಲ್ಲ, ಪೂರ್ತಿ ಸಂಬಳ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನೂ ಗಮನಿಸಿ. ಜರ್ಮನಿಯಲ್ಲಿ ಕಟ್ಟಾದ ಆದಾಯ ತೆರಿಗೆಯನ್ನು ಇದರಲ್ಲಿ ಕಳೆಯಬಹುದು, ಇಷ್ಟು ದಿನ ಫಾರ್ಮ್ 67 ಅಂತ ಕರೆಯುತ್ತಿದ್ದ ಆ ಫಾರ್ಮ್ ತುಂಬಿ. ಬಹುಪಾಲು ತೆರಿಗೆ ಹೀಗೆ ಹೊಂದಿಕೆಯಾಗಿ ಹೋಗಬಹುದು.

ಆದರೆ ಇಲ್ಲೊಂದು ಗಂಟು ಇದೆ. ಜರ್ಮನಿಯ ವರ್ಷ ಜನವರಿಯಿಂದ ಡಿಸೆಂಬರ್. ನೀವು 2026ರಲ್ಲಿ ಅಲ್ಲಿ ದುಡಿಯುವುದು ಎರಡೇ ತಿಂಗಳು, 5,800 ಯೂರೋ. ಆದರೆ ವರ್ಷಕ್ಕೆ 12,348 ಯೂರೋವರೆಗೆ ಅಲ್ಲಿ ತೆರಿಗೆ ಇಲ್ಲ. ಆಸ್ಪತ್ರೆಯವರು ಮಾತ್ರ ವರ್ಷಪೂರ್ತಿ ದುಡಿಯುತ್ತೀರಿ ಅನ್ನುವ ಹಾಗೆ ತಿಂಗಳು ತಿಂಗಳು ಹಿಡಿದಿರುತ್ತಾರೆ. ಹಾಗಾಗಿ ಮರುವರ್ಷ ಅಲ್ಲಿ ರಿಟರ್ನ್ ಹಾಕಿದರೆ ಆ ಎರಡು ತಿಂಗಳದ್ದು ಪೂರ್ತಿ ಅಲ್ಲದಿದ್ದರೂ ಬಹಳಷ್ಟು ವಾಪಸ್ ಬರುತ್ತದೆ. (ಆ ವರ್ಷ ಇಲ್ಲಿ ದುಡಿದದ್ದನ್ನೂ ಅವರು ದರ ನಿರ್ಧರಿಸಲು ಕೇಳುತ್ತಾರೆ, ಬಚ್ಚಿಡಬೇಡಿ.) ಅಲ್ಲಿ ವಾಪಸ್ ಬಂದ ತೆರಿಗೆಗೆ ಇಲ್ಲಿ ಮತ್ತೆ ಕ್ರೆಡಿಟ್ ಕೇಳುವ ಹಾಗಿಲ್ಲ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋದಂತೆ. ಅಂತೂ 26ರ ಟಿಕೆಟ್ ಇಟ್ಟುಕೊಂಡರೆ ಈ ತಲೆನೋವು ಯಾವುದೂ ಇಲ್ಲ, ನನಗೆ ಕೇಳಿದರೆ ನಾನು ಅದನ್ನೇ ಹೇಳುವುದು. ಅವ್ವನಿಗೆ ಹೇಗೆ ಹೇಳುತ್ತೀರೋ ಗೊತ್ತಿಲ್ಲ.

ಚರ್ಚ್ ತೆರಿಗೆ ನಿಜ. ಅಲ್ಲಿ ಮನೆ ಹಿಡಿದ ಮೇಲೆ ನಗರಸಭೆಯ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಆ ಅರ್ಜಿಯಲ್ಲಿ ಧರ್ಮದ ಕಾಲಂ ಇದೆ. ಕ್ಯಾಥೊಲಿಕ್ ಅಂತ ಬರೆದರೆ ಸಂಬಳದಲ್ಲೇ ಚರ್ಚ್ ತೆರಿಗೆ ಕಟ್ಟಾಗುತ್ತದೆ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲೂ ಬವೇರಿಯಾದಲ್ಲೂ 8%, ಉಳಿದ ಕಡೆ 9%. ಸಂಬಳದ 8% ಅಂದುಕೊಂಡು ಹೆದರಬೇಡಿ, ಆದಾಯ ತೆರಿಗೆಯ 8%. ತಿಂಗಳಿಗೆ 300 ಯೂರೋ ತೆರಿಗೆ ಆದರೆ ಅದರ ಮೇಲೆ 24 ಯೂರೋ. ಸುಳ್ಳು ಬರೆಯಿರಿ ಅಂತ ನಾನು ಹೇಳುವುದಿಲ್ಲ. ಮೊದಲ ಪೇಸ್ಲಿಪ್‌ನಲ್ಲಿ ಗೊತ್ತಿಲ್ಲದ ಜರ್ಮನ್ ಪದದ ಮುಂದೆ ಕಡಿತ ನೋಡಿ ಯಾರೋ ಮೋಸ ಮಾಡಿದರು ಅಂತ ಅಂದುಕೊಳ್ಳಬಾರದು, ಅಷ್ಟೇ. ಪಿಂಚಣಿ, ಆರೋಗ್ಯ, ನಿರುದ್ಯೋಗ ವಿಮೆ ಅಂತ ಸಂಬಳದ ಐದನೇ ಒಂದು ಪಾಲಿನಷ್ಟು ಬೇರೆ ಹೋಗುತ್ತದೆ. ಅವಕ್ಕೆ ಇಲ್ಲಿ ಕ್ರೆಡಿಟ್ ಇಲ್ಲ.

ಪ್ರಶ್ನೆ: ನನ್ನ ತಮ್ಮ ಮೂರು ವರ್ಷದಿಂದ ದುಬೈನಲ್ಲಿ ಎಸಿ ಮೆಕ್ಯಾನಿಕ್. ಪ್ರತಿ ತಿಂಗಳು ಅಪ್ಪನ ಖಾತೆಗೆ ದುಡ್ಡು ಕಳಿಸುತ್ತಾನೆ, ಅಪ್ಪ ಅದನ್ನು ಎಫ್‌ಡಿ ಮಾಡುತ್ತಾರೆ. ಈಗ ಅಪ್ಪನಿಗೆ ತೆರಿಗೆ ನೋಟಿಸ್ ಬರುತ್ತದೆ ಅಂತ ಊರಲ್ಲಿ ಹೆದರಿಸುತ್ತಿದ್ದಾರೆ. ಗಲ್ಫ್‌ನಲ್ಲಿ ತೆರಿಗೆ ಇಲ್ಲದವರಿಗೆ ಭಾರತದಲ್ಲೇ ತೆರಿಗೆ ಹಾಕುವ ಕಾನೂನು ಬಂದಿದೆಯಂತೆ. ನಮ್ಮದು ನಾಲ್ಕು ಎಕರೆ ದ್ರಾಕ್ಷಿಯೂ ಇದೆ, ತಮ್ಮನ ಹೆಸರಲ್ಲಿ. — ತಿಕೋಟಾ ಓದುಗರು

ಉತ್ತರ: ಊರವರು ಅರ್ಧ ಕೇಳಿ ಪೂರ್ತಿ ಹೆದರಿಸಿದ್ದಾರೆ. 2020ರಲ್ಲಿ ಅಂಥ ನಿಯಮ ಬಂದದ್ದು ಹೌದು. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಇಲ್ಲಿಯ ನಿವಾಸಿ ಅಂತ ಭಾವಿಸಬಹುದು. ಆದರೆ ಹೊರದೇಶದ ಸಂಪಾದನೆ ಬಿಟ್ಟು ಅವನ ಉಳಿದ ಆದಾಯ ವರ್ಷಕ್ಕೆ 15 ಲಕ್ಷ ದಾಟಿದರೆ ಮಾತ್ರ. ದಾಟಿದರೂ ದುಬೈ ಸಂಬಳಕ್ಕೆ ಕೈ ಹಾಕುವುದಿಲ್ಲ. ದ್ರಾಕ್ಷಿಯ ಆದಾಯ ಕೃಷಿಯದ್ದು, ತೆರಿಗೆಯ ಆದಾಯದಲ್ಲೇ ಸೇರುವುದಿಲ್ಲ. ಹಾಗಾಗಿ ನಿಮ್ಮ ತಮ್ಮನಿಗೆ ಆ ನಿಯಮದ ಬಿಸಿ ತಾಗುವುದೇ ಇಲ್ಲ. ಆ ಜಮೀನನ್ನು ಅವನು ಇಟ್ಟುಕೊಳ್ಳಬಹುದು, ಆದರೆ ಅಲ್ಲಿರುವಷ್ಟು ದಿನ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂದಿದೆ ಅಂತ ಅವನ ಹೆಸರಲ್ಲಿ ಬರೆಸಲು ಹೋಗಬೇಡಿ.

ಮಗ ಅಪ್ಪನಿಗೆ ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ, ಎಷ್ಟೇ ಇರಲಿ. ಆದರೆ ಅಪ್ಪನ ಎಫ್‌ಡಿಯ ಬಡ್ಡಿ ಅಪ್ಪನ ಆದಾಯ. ಅವರಿಗೆ 60 ದಾಟಿದ್ದರೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷದ ಬಡ್ಡಿವರೆಗೆ ಟಿಡಿಎಸ್ ಹಿಡಿಯುವುದಿಲ್ಲ, ಕಿರಿಯರಿಗೆ 50,000. (ತಮ್ಮ ಇದನ್ನೇ ಹೆಂಡತಿಯ ಖಾತೆಗೆ ಕಳಿಸಿ ಅವರು ಎಫ್‌ಡಿ ಮಾಡಿದ್ದರೆ ಬಡ್ಡಿ ಮತ್ತೆ ತಮ್ಮನ ಲೆಕ್ಕಕ್ಕೇ ಬರುತ್ತಿತ್ತು.) ನನಗೆ ಅರ್ಥವಾಗದ್ದು, ಮೂರು ವರ್ಷವಾದರೂ ತಮ್ಮ ಎನ್‌ಆರ್‌ಇ ಖಾತೆ (ಅನಿವಾಸಿಗಳು ಹೊರದೇಶದ ದುಡಿಮೆ ಇಡುವ ಖಾತೆ) ಯಾಕೆ ತೆರೆದಿಲ್ಲ ಅಂತ. ಅದರಲ್ಲಿಟ್ಟ ಎಫ್‌ಡಿಯ ಬಡ್ಡಿಗೆ ಇಲ್ಲಿ ತೆರಿಗೆಯೇ ಇಲ್ಲ, ಒಂದು ವರ್ಷಕ್ಕಾದರೂ ಇಡಬೇಕು ಅಷ್ಟೇ. ಅಪ್ಪನನ್ನೂ ಜಂಟಿಯಾಗಿ ಸೇರಿಸಬಹುದು.

ಅವನ ಹಳೆಯ ಉಳಿತಾಯ ಖಾತೆ ಹಾಗೇ ನಡೆಯುತ್ತಿದೆ ಅನ್ನುವುದು ನನ್ನ ಅನುಮಾನ. ಕೆಲಸಕ್ಕೆ ಹೊರಟ ಮೇಲೆ ಅದನ್ನು ಎನ್‌ಆರ್‌ಒ (ಅನಿವಾಸಿಗಳು ಇಲ್ಲಿಯ ಆದಾಯ ಇಡುವ ಖಾತೆ) ಮಾಡಿಸಬೇಕು. ಇಲ್ಲಿ 182 ದಿನದ ಲೆಕ್ಕ ಇಲ್ಲ, ಬ್ಯಾಂಕ್ ಖಾತೆಗೆ ಬೇರೆ ಕಾನೂನು, ಹೊರಟ ದಿನವೇ ಅನಿವಾಸಿ. ನಾನೇ ಇದರಲ್ಲಿ ಬಿದ್ದವನು. ಮಸ್ಕತ್‌ನಲ್ಲಿ ಎರಡು ವರ್ಷ ಲೆಕ್ಕ ಬರೆಯುವ ಕೆಲಸಕ್ಕೆ ಹೋದಾಗ ಊರಿನ ಬ್ಯಾಂಕಿಗೆ ಏನೂ ಹೇಳಿರಲಿಲ್ಲ. ಒಮ್ಮೆ ಕೆವೈಸಿಗೆ ಅಂತ ಫೋನ್ ಮಾಡಿದವರಿಗೆ ಅಣ್ಣ ಹೆಮ್ಮೆಯಿಂದ "ಅವಾ ಫಾರಿನ್‌ದಾಗ ಅದಾನ್ರಿ" ಅಂದ. ಮರುದಿನವೇ ಖಾತೆ ಬಂದ್. ಅದೇ ವಾರ ಅಕ್ಕನ ಮಗಳ ಮದುವೆಗೆ ಛತ್ರದವರಿಗೆ ಕೊಡಬೇಕಿದ್ದ ದುಡ್ಡು ಅದರಲ್ಲಿತ್ತು. ನಾನು ಅಲ್ಲಿಂದ ಕಾಗದ ಕಳಿಸಿ, ಅವರು ಸಹಿ ಹೊಂದುತ್ತಿಲ್ಲ ಅಂದು, ಮತ್ತೆ ಕಳಿಸಿ... ಮದುವೆ ಮುಗಿದು ಹನ್ನೆರಡು ದಿನಕ್ಕೆ ಖಾತೆ ತೆರೆಯಿತು. ಅಣ್ಣ ಇಂದಿಗೂ ಆ ಸಾಲದ ಮಾತು ತೆಗೆಯುತ್ತಾನೆ.

ಎನ್‌ಆರ್‌ಒ ಬಡ್ಡಿಗೆ ಬ್ಯಾಂಕಿನವರು ಸೆಸ್ ಸೇರಿ 31.2% ಹಿಡಿಯುತ್ತಾರೆ, ಮೊದಲ ರೂಪಾಯಿಯಿಂದಲೇ. ತಮ್ಮನ ಇಲ್ಲಿಯ ಆದಾಯ 4 ಲಕ್ಷದೊಳಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ತೆರಿಗೆ ಇಲ್ಲದಿದ್ದರೂ ದ್ರಾಕ್ಷಿಯ ಆದಾಯವನ್ನೂ ಅದರಲ್ಲಿ ಕಾಣಿಸಲಿ.

ಪ್ರಶ್ನೆ: ನಮ್ಮದು ಉದ್ಯಮಬಾಗ್‌ನಲ್ಲಿ ಸಣ್ಣ ಮಷಿನ್ ಶಾಪ್. ಜರ್ಮನಿಯಿಂದ ತರಿಸಿದ ಸಿಎನ್‌ಸಿ ಮಷಿನ್ ಕೂರಿಸಲು ಅವರ ಕಂಪನಿಯ ಟೆಕ್ನಿಷಿಯನ್ ಒಬ್ಬರು ಐದು ವಾರ ಬಂದು ಹೋದರು. ಅವರ ಸಂಬಳ ಅವರ ಕಂಪನಿಯೇ ಕೊಟ್ಟಿದೆ, ನಾವು ಹೋಟೆಲ್ ಮತ್ತು ಊಟ ನೋಡಿಕೊಂಡೆವು. ಈಗ ಕಂಪನಿ "ಇನ್‌ಸ್ಟಾಲೇಷನ್ ಚಾರ್ಜ್" ಅಂತ ಬೇರೆ ಬಿಲ್ ಕಳಿಸಿದೆ. ನಾವು ಟಿಡಿಎಸ್ ಹಿಡಿಯಬೇಕೆ? ಆ ಮನುಷ್ಯ ಇಲ್ಲಿ ತೆರಿಗೆ ಕಟ್ಟಬೇಕಿತ್ತೆ? — ಬೆಳಗಾವಿ ಓದುಗರು

ಉತ್ತರ: ಇದು ಉಳಿದ ಪ್ರಶ್ನೆಗಳ ತಿರುಗುಮುರುಗು, ಅವರ ಪಾಲಿಗೆ ಬೆಳಗಾವಿಯೇ ಫಾರಿನ್. ಟೆಕ್ನಿಷಿಯನ್ ಕೆಲಸ ಮಾಡಿದ್ದು ಇಲ್ಲಿ, ಹಾಗಾಗಿ ಆ ಐದು ವಾರದ ಸಂಬಳ ಕಾನೂನಿನ ಕಣ್ಣಿಗೆ ಭಾರತದ್ದೇ. ಆದರೆ ವಿನಾಯಿತಿ ಇದೆ. ಹೊರದೇಶದ ಪ್ರಜೆ, ಹೊರದೇಶದ ಕಂಪನಿಯ ನೌಕರ, ವರ್ಷದಲ್ಲಿ 90 ದಿನಕ್ಕಿಂತ ಜಾಸ್ತಿ ಇರಲಿಲ್ಲ, ಆ ಕಂಪನಿ ಇಲ್ಲಿ ವ್ಯಾಪಾರ ನಡೆಸುತ್ತಿಲ್ಲ, ಅವರ ಸಂಬಳವನ್ನು ಇಲ್ಲಿಯ ಆದಾಯದಲ್ಲಿ ಖರ್ಚು ಅಂತ ಕಳೆದಿಲ್ಲ ಅಂದರೆ ತೆರಿಗೆ ಇಲ್ಲ. ಇದರಲ್ಲಿ ಒಂದು ಹೊಂದದಿದ್ದರೂ ಜರ್ಮನಿಯ ಒಪ್ಪಂದದ 183 ದಿನದ ವಿನಾಯಿತಿ ಇದೆ. ಮೇಲೆ ಕೆನ್ಯಾದಲ್ಲಿ ಉಪಯೋಗಕ್ಕೆ ಬಾರದ್ದು ಇಲ್ಲಿ ಬರುತ್ತದೆ, ಯಾಕೆಂದರೆ ಸಂಬಳ ಕೊಟ್ಟವರು ಇಲ್ಲಿಯವರಲ್ಲ.

ಬಿಲ್ಲಿನ ಮಾತು ಬೇರೆ. ಬೇರೆಯಾಗಿ ಕೊಡುವ ಇನ್‌ಸ್ಟಾಲೇಷನ್ ಚಾರ್ಜನ್ನು ತಾಂತ್ರಿಕ ಸೇವೆಯ ಶುಲ್ಕ ಅಂತ ನೋಡುವ ಸಾಧ್ಯತೆ ಜಾಸ್ತಿ. ಆಗ ನೀವು ಹಿಡಿದುಕೊಂಡು ಕೊಡಬೇಕು. ನಮ್ಮ ಕಾಯ್ದೆಯ ದರ 20% ಮತ್ತು ಮೇಲಿನ ಸೆಸ್, ಜರ್ಮನಿಯ ಒಪ್ಪಂದದಲ್ಲಿ 10%. ಆ 10% ಬೇಕಾದರೆ ಕಂಪನಿ ತನ್ನ ದೇಶದ ತೆರಿಗೆ ಕಚೇರಿಯಿಂದ ನಿವಾಸ ಪ್ರಮಾಣಪತ್ರ ತಂದುಕೊಡಬೇಕು, ನಮ್ಮ ಪೋರ್ಟಲ್‌ನಲ್ಲಿ ಇಷ್ಟು ದಿನ ಫಾರ್ಮ್ 10ಎಫ್ ಅಂತ ಕರೆಯುತ್ತಿದ್ದ ಫಾರ್ಮ್ ತುಂಬಬೇಕು. ಹಣ ಕಳಿಸುವ ಮುಂಚೆ ಇವೆರಡೂ ಕೈಯಲ್ಲಿರಲಿ, ಕಳಿಸಿದ ಮೇಲೆ ಯಾರೂ ಇಮೇಲ್‌ಗೆ ಉತ್ತರ ಕೊಡುವುದಿಲ್ಲ. ಮಷಿನ್ ಆರ್ಡರ್ ಕೊಡುವಾಗಲೇ "ತೆರಿಗೆ ಯಾರ ತಲೆಗೆ" ಅಂತ ಬರೆಸಿಕೊಳ್ಳದಿದ್ದರೆ ಕೊನೆಗೆ ಅದು ನಿಮ್ಮ ತಲೆಗೇ ಬರುತ್ತದೆ, ಇದನ್ನು ಉದ್ಯಮಬಾಗ್‌ನಲ್ಲಿ ಹಲವು ಸಲ ನೋಡಿದ್ದೇನೆ. ಹೊರಡುವಾಗ ಎರಡು ಕೆಜಿ ಕುಂದಾ ಕೊಟ್ಟಿರಿ ಅಂತ ಬರೆದಿದ್ದೀರಿ, ಅದಕ್ಕೆ ಟಿಡಿಎಸ್ ಬೇಡ.

ಪ್ರಶ್ನೆ: ಮಗ ಮರ್ಚೆಂಟ್ ನೇವಿಯಲ್ಲಿದ್ದಾನೆ. ಹಡಗಿನ ಸಂಬಳ ಡಾಲರ್‌ನಲ್ಲಿ ನೇರ ಎನ್‌ಆರ್‌ಇ ಖಾತೆಗೆ ಬರುತ್ತದೆ. ನೀವು ನೇರ ಬರಬಾರದು ಅನ್ನುತ್ತೀರಲ್ಲ? — ಚಿಕ್ಕೋಡಿ ಓದುಗರು

ಉತ್ತರ: ಹಡಗಿನವರಿಗೆ ಆ ಭಯ ಇಲ್ಲ. 2017ರ ಏಪ್ರಿಲ್‌ನಲ್ಲಿ ಬಂದ 13ನೇ ನಂಬರಿನ ಸುತ್ತೋಲೆ, ಹೊರದೇಶಕ್ಕೆ ಹೋಗುವ ಹಡಗಿನಲ್ಲಿ ದುಡಿದ ಅನಿವಾಸಿ ನಾವಿಕನ ಸಂಬಳ ಎನ್‌ಆರ್‌ಇ ಖಾತೆಗೆ ಬಿತ್ತು ಅನ್ನುವ ಒಂದೇ ಕಾರಣಕ್ಕೆ ತೆರಿಗೆ ಹಾಕಬಾರದು ಅಂತ ಹೇಳಿದೆ. ಮಗ ಅನಿವಾಸಿ ಆಗಿರಬೇಕು, ಅಂದರೆ ವರ್ಷದಲ್ಲಿ ಕನಿಷ್ಠ 184 ದಿನ ಹೊರಗೆ. ಭಾರತದ ಬಂದರಿನಿಂದ ಹೊರದೇಶಕ್ಕೆ ಹೋಗುವ ಹಡಗಾದರೆ ಸಿಡಿಸಿ (ನಾವಿಕರ ದಾಖಲೆ) ಪುಸ್ತಕದಲ್ಲಿ ಹಡಗು ಹತ್ತಿದ, ಇಳಿದ ತಾರೀಖು ನೋಡಿ ಎಣಿಸುತ್ತಾರೆ. ಆ ಪುಟಗಳ ಫೋಟೊ ಮನೆಯಲ್ಲೊಂದು ಇರಲಿ.

ಪ್ರಶ್ನೆ: ನಮ್ಮ ಹುಡುಗ ಓಮನ್‌ನಲ್ಲಿ ಟೈಲ್ಸ್ ಕೆಲಸಕ್ಕಿದ್ದಾನೆ, ತಿಂಗಳಿಗೆ 280 ರಿಯಾಲ್. ಅಲ್ಲೂ ಆದಾಯ ತೆರಿಗೆ ಬರುತ್ತದಂತೆ, ವಾಪಸ್ ಕರೆಸಿಕೊಳ್ಳಬೇಕೆ? — ಇಳಕಲ್ ಓದುಗರು

ಉತ್ತರ: ಬರುತ್ತಿರುವುದು ನಿಜ. ಗಲ್ಫ್ ದೇಶಗಳಲ್ಲಿ ವೈಯಕ್ತಿಕ ಆದಾಯಕ್ಕೆ ತೆರಿಗೆ ಹಾಕುವ ಕಾನೂನು ಮಾಡಿದ ಮೊದಲ ದೇಶ ಅದೇ. 2025ರಲ್ಲಿ ಕಾನೂನು ಆಯಿತು, 2028ರ ಜನವರಿ 1ರಿಂದ ಶುರು. ದರ 5%. ಆದರೆ ವರ್ಷಕ್ಕೆ 42,000 ರಿಯಾಲ್ ದಾಟಿದ್ದಕ್ಕೆ ಮಾತ್ರ. ನಿಮ್ಮ ಹುಡುಗನದು ವರ್ಷಕ್ಕೆ 3,360. ಅಲ್ಲೇ ಇರಲಿ ಬಿಡಿ.